ಕಾಂಬೋಡಿಯಾಕ್ಕೆ 8 ದಿನ: ಗುಡಿ ನೋಡಿ ವಾಪಸ್ ಬರೋದಾ, ಫ್ನೋಮ್ ಪೆನ್‌ಗೂ ಹೋಗೋದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾವು ನಾಲ್ಕು ಜನ ಕಾಂಬೋಡಿಯಾಕ್ಕೆ ಹೊರಟಿದ್ದೇವೆ. ನಾನು, ಮನೆಯವರು, 13 ವರ್ಷದ ಮಗ, 68 ವರ್ಷದ ನಮ್ಮ ಅತ್ತೆ. ಇದು ಅತ್ತೆಯ ಆಸೆ. ಎಷ್ಟೋ ವರ್ಷದ ಹಿಂದೆ ಒಂದು ಕ್ಯಾಲೆಂಡರಿನಲ್ಲಿ ಅಲ್ಲಿನ ಅಂಕೋರ್ ವಾಟ್ ಗುಡಿಯ ಚಿತ್ರ ಬಂದಿತ್ತಂತೆ. ಅದನ್ನು ಕತ್ತರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದಾರೆ. ಅಂಚೆಲ್ಲ ಹಳದಿ ಆಗಿದೆ, ಇನ್ನೂ ಅಲ್ಲೇ ಇದೆ.

ಈಗ ಮನೆಯಲ್ಲಿ ಜಗಳ. ನನಗೆ ರಾಜಧಾನಿ ಫ್ನೋಮ್ ಪೆನ್‌ಗೂ ಹೋಗಬೇಕು, 1970ರ ದಶಕದಲ್ಲಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಕಮ್ಯುನಿಸ್ಟರು ಜನರನ್ನು ಹಿಂಸಿಸಿದ ತುವೋಲ್ ಸ್ಲೆಂಗ್ ಜೈಲು ನೋಡಬೇಕು ಅಂತ ಇದೆ. ಮನೆಯವರು, "ರಜಾ ಹಾಕಿ ದುಡ್ಡು ಕೊಟ್ಟು ತಲೆಬುರುಡೆ ನೋಡೋಕೆ ಯಾಕೆ ಹೋಗ್ಬೇಕು?" ಅಂತಾರೆ. ಮಗನಿಗೆ ತೋರಿಸುವುದೇ ಬೇಡ ಅಂತಾರೆ. ಅವರ ಮಾತು ಪೂರ್ತಿ ತಪ್ಪು ಅಂತಲೂ ನನಗೆ ಅನಿಸುತ್ತಿಲ್ಲ.

ಹೋಗಿ ಬಂದವರು ಹೇಳಿ. 8 ದಿನಕ್ಕೆ ಎರಡೂ ಊರು ಆಗುತ್ತಾ? ಮಗನನ್ನು ಕರೆದುಕೊಂಡು ಹೋಗಬಹುದಾ? ಅತ್ತೆಗೆ ಮಂಡಿನೋವು, ಜೊತೆಗೆ ಶುದ್ಧ ಸಸ್ಯಾಹಾರಿ. ಊಟ ಹೇಗೆ?

ಬ್ಯಾಗ್ ರೆಡಿ:
ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲೇ 8 ದಿನ ಇರಿ. ಗುಡಿಗಳೇ ಮುಗಿಯಲ್ಲ. ಫ್ನೋಮ್ ಪೆನ್ ಬಿಟ್ಟುಬಿಡಿ.

ಊರೂರು ಅಲೆಮಾರಿ:
ಮೇಲಿನವರ ಮಾತು ನಾನು ಒಪ್ಪಲ್ಲ, ಆದರೆ ಮೊದಲು ಕೆಲಸದ ಮಾತು ಮುಗಿಸೋಣ.

ಅಂಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ್ದು ತಗೊಳ್ಳಿ. ಅದನ್ನು ಮೂರು ದಿನ ಸತತವಾಗಿ ಬಳಸಬೇಕಿಲ್ಲ, 10 ದಿನದೊಳಗೆ ಯಾವ ಮೂರು ದಿನವಾದರೂ ನಡೆಯುತ್ತೆ. ಅತ್ತೆಯವರಿಗೆ ನಡುವೆ ಒಂದು ದಿನ ವಿಶ್ರಾಂತಿ ಸಿಗುತ್ತೆ. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪುಕ್ಕಟೆ, ಹಾಗಾಗಿ ನಿಮ್ಮ ಮಗನಿಗೂ ಟಿಕೆಟ್ ಬೇಕು. ಸಂಜೆ 5ರ ಮೇಲೆ ಮರುದಿನದ ಟಿಕೆಟ್ ತಗೊಂಡರೆ ಆ ಸಂಜೆಯೇ ಒಳಗೆ ಬಿಡ್ತಾರೆ.

ಹೊಸ ಏರ್‌ಪೋರ್ಟ್ 2023ರಲ್ಲಿ ಶುರುವಾಗಿದೆ, ಊರಿಂದ ಸುಮಾರು 50 ಕಿಲೋಮೀಟರ್ ದೂರ. ಹಳೇ ಬ್ಲಾಗ್ ಓದಿ "ಹತ್ತು ನಿಮಿಷಕ್ಕೆ ಹೋಟೆಲ್" ಅಂದುಕೊಂಡು ಹೋಗಬೇಡಿ. ದುಡ್ಡು ರಿಯೆಲ್, ಆದರೆ ಡಾಲರ್ ಎಲ್ಲ ಕಡೆ ನಡೆಯುತ್ತೆ. ಒಂದು ಡಾಲರಿಗೆ ಸುಮಾರು 4000 ರಿಯೆಲ್. ನೋಟು ಮಾತ್ರ ಗರಿಗರಿ ಇರಬೇಕು. ಮೂಲೆ ಸ್ವಲ್ಪ ಹರಿದಿದ್ದರೂ ವಾಪಸ್ ಕೊಡ್ತಾರೆ.

ಇನ್ನು ಅಂಕೋರ್ ವಾಟ್‌ನ ತುದಿಗೆ ಹತ್ತುವ ಮೆಟ್ಟಿಲು ಏಣಿಯಷ್ಟು ಕಡಿದು. ಈಗ ಮೇಲೆ ಮರದ ಮೆಟ್ಟಿಲು ಹಾಕಿ ಕಂಬಿ ಕೊಟ್ಟಿದ್ದಾರೆ. ಆದರೂ ಮಂಡಿನೋವಿಗೆ ಬೇಡ. ಕೆಳಗಿನ ಪ್ರಾಕಾರದ ಉಬ್ಬುಶಿಲ್ಪ ನೋಡೋಕೇ ಅರ್ಧ ದಿನ ಬೇಕು. ಕುರುಕ್ಷೇತ್ರ ಪಶ್ಚಿಮದ ಗೋಡೆಯಲ್ಲಿದೆ, ಸಮುದ್ರ ಮಥನ ಪೂರ್ವದಲ್ಲಿ. ಮಥನದ ಗೋಡೆ ಸುಮಾರು 49 ಮೀಟರ್ ಉದ್ದ. 88 ದೇವತೆಗಳು, 92 ಅಸುರರು ವಾಸುಕಿಯನ್ನು ಹಿಡಿದು ಎಳೀತಾ ಇದ್ದಾರೆ. ಕಥೆ ಗೊತ್ತಿದ್ದರೆ ಗೈಡೇ ಬೇಕಿಲ್ಲ.

ಕಡಲ ಕಿನಾರೆ:
ಬ್ಯಾಂಕಾಕ್‌ಗೆ ಟಿಕೆಟ್ ಅಗ್ಗ. ಅಲ್ಲಿಂದ ಬಸ್ಸಲ್ಲಿ ಪೋಯ್‌ಪೆಟ್ ಗಡಿ ದಾಟಿ ಸಿಯೆಮ್ ರೀಪ್ ಹೋಗಿ. ನಾವು 2018ರಲ್ಲಿ ಹಾಗೇ ಹೋಗಿದ್ದೆವು.

ಊರೂರು ಅಲೆಮಾರಿ:
@ಕಡಲ ಕಿನಾರೆ ಅದು ಆಗಿನ ಮಾತು. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಜೊತೆ ಜಗಳ ಎದ್ದು ರಸ್ತೆ ಗಡಿಗಳೆಲ್ಲ ಮುಚ್ಚಿದವು. ಜುಲೈನಲ್ಲಿ ಐದು ದಿನ ಯುದ್ಧವೇ ಆಯಿತು. ಡಿಸೆಂಬರಿನಲ್ಲಿ ಮತ್ತೆ ಹೊತ್ತಿಕೊಂಡು, 27ಕ್ಕೆ ಕದನವಿರಾಮ ಆಯಿತು. ಗಡಿ ತೆರೆದಿದೆ ಅಂತ ಖಾತ್ರಿ ಆಗದೆ ಯಾರೂ ಬಸ್ಸು ನಂಬಿ ಟಿಕೆಟ್ ಮಾಡಬೇಡಿ. ವಿಮಾನದಲ್ಲೇ ಹೋಗಿ.

ತುಂಗಾತೀರ:
ಅಯ್ಯೋ, ಇದು ಹೇಳಿದ್ದು ಒಳ್ಳೇದಾಯ್ತು. ಮನೆಯವರು ಅದೇ ಬಸ್ಸಿನ ಲೆಕ್ಕ ಹಾಕ್ತಾ ಇದ್ದರು. ಹಾಗಾದರೆ ಗಡಿಯ ಪ್ರೀಹ್ ವಿಹಾರ್ ಗುಡಿ? ಬೆಟ್ಟದ ತುದಿಯ ಶಿವಾಲಯ ಅಂತ ಓದಿದ್ದೆ.

ನಕ್ಷೆ ಪುಸ್ತಕ:
ಬೇಡ, ಖಂಡಿತ ಬೇಡ. ಆ ಗುಡಿಗಾಗಿಯೇ ಎರಡು ದೇಶ ದಶಕಗಳಿಂದ ಕಚ್ಚಾಡುತ್ತಿವೆ. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಗುಡಿ ಕಾಂಬೋಡಿಯಾದ್ದು ಅಂತ ತೀರ್ಪು ಕೊಟ್ಟಿತು. 2008ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಮತ್ತೆ ಗುಂಡು ಹಾರಿದವು, 2011ರ ತನಕ. 2013ರಲ್ಲಿ ಅದೇ ನ್ಯಾಯಾಲಯ ಇನ್ನೊಮ್ಮೆ ಹೇಳಬೇಕಾಯಿತು. 2025ರ ಜಗಳದ ನಡುವೆ ಇದ್ದ ತಾ ಮುಯೆನ್ ಥೋಮ್ ಕೂಡ ಶಿವನ ಗುಡಿಯೇ. ಸಾವಿರ ವರ್ಷದ ಗುಡಿ ಪಕ್ಕದಲ್ಲಿ ಬಂಕರ್ ತೋಡಿ ಕೂತಿದ್ದಾರೆ ಅಂದರೆ ನನಗೆ ಹೊಟ್ಟೆ ಉರಿಯುತ್ತೆ.

ವಂಶವೃಕ್ಷ:
ಎಲ್ಲಾ ನಮ್ಮ ಗುಡಿಗಳು. ನಮ್ಮವರು ಹೋಗಿ ಕಟ್ಟಿದ್ದು. ನಾವು ಬಿಟ್ಟುಕೊಟ್ಟೆವು, ಈಗ ಯಾರ್ಯಾರೋ ಕಚ್ಚಾಡ್ತಾರೆ.

ಬಳಪದ ಕಲ್ಲು:
@ವಂಶವೃಕ್ಷ ಸರ್, ಈ ಮಾತು ನಾನು ಒಪ್ಪಲ್ಲ. ನಾನು ಹಾಸನದವನು, ಹಳೇಬೀಡು ನೋಡುತ್ತಲೇ ಬೆಳೆದವನು. ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಖ್ಮೇರ್ ರಾಜ, ಅಂದರೆ ಕಾಂಬೋಡಿಯಾದವನೇ. ಕಟ್ಟಿದವರು ಖ್ಮೇರ್ ಜನ. ಕಲ್ಲು ಅಲ್ಲಿನ ಕುಲೆನ್ ಬೆಟ್ಟದ್ದು. ದೇವರು, ಕಥೆ, ಸಂಸ್ಕೃತ ಇಲ್ಲಿಂದ ಹೋಯಿತು, ನಿಜ. ಆದರೆ ಅದನ್ನು ಅವರು ತಮ್ಮದು ಮಾಡಿಕೊಂಡರು. ವ್ಯಾಸರು ಹಾಸನದವರಲ್ಲ, ಆದರೂ ಹಳೇಬೀಡಿನ ಗೋಡೆಯ ಮಹಾಭಾರತ ನಮ್ಮದು ಅಂತೀವಿ. ಅದು ಹಾಗೇ ಅಲ್ವಾ?

ಒಂದು ಲೆಕ್ಕ ನೋಡಿ. ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಒಂದೇ ಕಾಲ, ಒಂದೇ ವಿಷ್ಣು, ಎರಡು ಸಮುದ್ರದಾಚೆ ಉಳಿಯ ಸದ್ದು! ಅಲ್ಲಿ ಮೊದಲ ದಿನ ಅದನ್ನು ನೆನೆಸಿಕೊಂಡು ನನಗೆ ಮೈ ಜುಮ್ಮೆಂದಿತ್ತು. ಆದರೆ ಕೈಕೆಲಸ ಬೇರೆ. ನಮ್ಮದು ಬಳಪದ ಕಲ್ಲು, ಆಭರಣದ ಥರ ಕೆತ್ತಿದ್ದು. ಅಂಕೋರ್ ವಾಟ್‌ನದು ಮರಳುಗಲ್ಲು. ಶಿಲ್ಪ ತೆಳು, ಬಟ್ಟೆಯ ಮೇಲೆ ಚಿತ್ರ ಬಿಡಿಸಿದ ಹಾಗೆ. ಹಳೇಬೀಡಿನ ಹತ್ತಿರಕ್ಕೆ ಬರುವುದು ಬಾಂತೆಯ್ ಸ್ರೇಯ್. 967ರ ಶಿವಾಲಯ, ಕೆಂಪು ಕಲ್ಲು, ಚಿಕ್ಕ ಗುಡಿ. ರಾವಣ ಕೈಲಾಸ ಎತ್ತುವ ಶಿಲ್ಪ ಅಲ್ಲೂ ಇದೆ, ಹಳೇಬೀಡಿನಲ್ಲೂ ಇದೆ. ಅತ್ತೆಯವರನ್ನು ಅಲ್ಲಿಗೆ ತಪ್ಪದೇ ಕರೆದುಕೊಂಡು ಹೋಗಿ. ಮೆಟ್ಟಿಲೂ ಕಡಿಮೆ.

ವಂಶವೃಕ್ಷ:
ಸರಿ, ಕಟ್ಟಿದವರು ಅವರು. ಒಪ್ಪಿದೆ. ಆದರೆ ಯುದ್ಧ ನಡೆಯುತ್ತಿದ್ದಾಗ ಅಂಕೋರ್ ವಾಟ್ ರಿಪೇರಿ ಮಾಡಿದ್ದು ನಮ್ಮ ಪುರಾತತ್ವ ಇಲಾಖೆ. ಅದನ್ನೂ ಹೇಳಿ.

ಬಳಪದ ಕಲ್ಲು:
ಹೇಳ್ತೀನಿ, ಹೆಮ್ಮೆಯಿಂದಲೇ. 1986ರಿಂದ 1993ರವರೆಗೆ. ವಿಯೆಟ್ನಾಂ ಬೆಂಬಲದ ಅಲ್ಲಿನ ಸರ್ಕಾರವನ್ನು ಹೆಚ್ಚಿನ ದೇಶಗಳು ಒಪ್ಪದಿದ್ದ ಕಾಲ ಅದು. ಭಾರತ 1980ರಲ್ಲೇ ಮಾನ್ಯತೆ ಕೊಟ್ಟಿತ್ತು. ರಾಸಾಯನಿಕ ಹಾಕಿ ಕಲ್ಲು ತೊಳೆದದ್ದು ಸರಿಯಲ್ಲ ಅಂತ ಆಮೇಲೆ ಟೀಕೆಯೂ ಬಂತು, ಅದೂ ನಿಜ. ಆದರೆ ಆ ದಿನಗಳಲ್ಲಿ ಅಲ್ಲಿ ಹೋಗಿ ನಿಂತವರು ಅವರು. ಮುಂದೆ ತಾ ಪ್ರೋಮ್‌ನಲ್ಲೂ ಕೆಲಸ ಮಾಡಿದರು, ಮರದ ಬೇರು ಗೋಡೆ ತಬ್ಬಿಕೊಂಡಿರುವ ಗುಡಿ ಅದು.

ಮೂರು ಹೊತ್ತು:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಮೀನಿನ ಸಾಸ್ ಎಲ್ಲದಕ್ಕೂ ಹಾಕ್ತಾರೆ, ತರಕಾರಿಗೂ. "ಪ್ರಹೋಕ್" ಅಂತ ಹುದುಗಿಸಿದ ಮೀನು ಅವರಿಗೆ ನಮಗೆ ಉಪ್ಪಿನಕಾಯಿ ಇದ್ದ ಹಾಗೆ. "ವೆಜ್" ಅಂದರೆ ಮಾಂಸ ಇಲ್ಲ ಅಂತ ಮಾತ್ರ ಅರ್ಥ ಮಾಡಿಕೊಳ್ತಾರೆ. "ಮ್ಹೋಬ್ ಬುವಾಸ್" ಅನ್ನಿ, ಸಾಧುಗಳ ವ್ರತದ ಊಟ ಅಂತ. ಆಗ ಸರಿಯಾಗಿ ತಿಳಿಯುತ್ತೆ. ಸಿಯೆಮ್ ರೀಪ್‌ನಲ್ಲಿ ಇಂಡಿಯನ್ ಹೋಟೆಲ್ ಬೇಕಾದಷ್ಟಿವೆ.

ಬಾಂತೆಯ್ ಸ್ರೇಯ್ ದಾರಿಯಲ್ಲಿ ಪ್ರೀಹ್ ಡಾಕ್ ಅಂತ ಹಳ್ಳಿ ಸಿಗುತ್ತೆ. ರಸ್ತೆ ಬದಿ ಅಕ್ಕಿ ಶ್ಯಾವಿಗೆ ಮಾರ್ತಾರೆ, "ನುಂ ಬಂಚೋಕ್". ನಾನು ನಿಂತು ನೋಡಿದೆ. ಹಿಟ್ಟಿನ ಮುದ್ದೆಯನ್ನು ಒತ್ತಿ ನೇರ ಕುದಿಯುವ ನೀರಿಗೆ ಎಳೆ ಬಿಡ್ತಾರೆ, ಆಮೇಲೆ ತಣ್ಣೀರಿಗೆ ಹಾಕಿ, ಕೈಯಲ್ಲಿ ಸುತ್ತಿ ಬಾಳೆಲೆ ಮೇಲೆ ಜೋಡಿಸ್ತಾರೆ. ನಮ್ಮಜ್ಜಿ ಒತ್ತುಶ್ಯಾವಿಗೆ ಮಾಡೋದು ಕಣ್ಣ ಮುಂದೆ ಬಂತು. ಸಾರು ಮೀನಿನದು, ಅತ್ತೆಯವರಿಗೆ ಬೇಡ. ಬರೀ ಶ್ಯಾವಿಗೆ ಕೊಡಿ ಅಂದರೆ ಕೊಡ್ತಾರೆ. ತಾಟಿಬೆಲ್ಲ ಪಕ್ಕದಲ್ಲೇ ಸಿಗುತ್ತೆ, ಅದರ ಜೊತೆ ತಿನ್ನಿ!

ಒಗ್ಗರಣೆ ಘಮ:
ಶ್ಯಾವಿಗೆ, ಬೆಲ್ಲ, ಜೊತೆಗೆ ಕಾಯಿಹಾಲು ಸಿಕ್ಕರೆ ಮುಗೀತು. ಅಲ್ಲೇ ಇದ್ದುಬಿಡ್ತೀನಿ.

ತರಗತಿ ಗಂಟೆ:
ಮೂಲ ಪ್ರಶ್ನೆ ಮಗನದು, ಅದಕ್ಕೆ ಬರೋಣ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ತುವೋಲ್ ಸ್ಲೆಂಗ್‌ಗೆ ಹೋಗಿದ್ದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಫೋಟೋಗಳಿಗಿಂತ ಮೊದಲು ಆ ಕಟ್ಟಡ. ಅದು ಹೈಸ್ಕೂಲಾಗಿತ್ತು. ಮೂರು ಮಹಡಿ, ಉದ್ದಕ್ಕೆ ವರಾಂಡ, ಸಾಲಾಗಿ ಕೋಣೆಗಳು. ನಮ್ಮ ಶಾಲೆಯಂತೆಯೇ ಇದೆ. ನೆಲಕ್ಕೆ ಹಳದಿ ಬಿಳಿ ಟೈಲ್ಸ್. ಒಂದು ಕೋಣೆಯಲ್ಲಿ ಕಬ್ಬಿಣದ ಮಂಚ, ಕಾಲಿಗೆ ಹಾಕುವ ಸರಳು. ಇನ್ನೊಂದರಲ್ಲಿ ತರಗತಿಯ ನಡುವೆಯೇ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬ ಮನುಷ್ಯ ಕಾಲು ಚಾಚಲಾಗದಷ್ಟು ಸಣ್ಣ ಗೂಡು ಮಾಡಿದ್ದಾರೆ. ಗೋಡೆಯ ಕರಿಹಲಗೆ ಹಾಗೇ ಇದೆ. ವರಾಂಡಕ್ಕೆ ಮುಳ್ಳುತಂತಿಯ ಬಲೆ, ಕೈದಿಗಳು ಮೇಲಿಂದ ಹಾರಿ ಸಾಯಬಾರದು ಅಂತ.

1975ರ ಏಪ್ರಿಲ್ 17ಕ್ಕೆ ಖ್ಮೇರ್ ರೂಜ್ ಊರಿಗೆ ಬಂದರು. ಅವರ ಹೊಸ ವರ್ಷದ ಹಬ್ಬ ಆಗಷ್ಟೇ ಮುಗಿದಿತ್ತು. ಕೆಲವೇ ದಿನದಲ್ಲಿ ಇಡೀ ನಗರ ಖಾಲಿ ಮಾಡಿಸಿದರು, ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ದುಡ್ಡು ರದ್ದು, ಶಾಲೆ ರದ್ದು, ಪೂಜೆ ರದ್ದು. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ಬರುವ ಹೊತ್ತಿಗೆ 17ರಿಂದ 20 ಲಕ್ಷ ಜನ ಸತ್ತಿದ್ದರು. ನಾಲ್ಕು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು. ಮೊದಲು ಹೋದವರಲ್ಲಿ ಮೇಷ್ಟ್ರುಗಳಿದ್ದರು. ಅಲ್ಲಿ ನಿಂತಾಗ ನನ್ನ ಸ್ಟಾಫ್‌ರೂಮ್ ನೆನಪಾಯಿತು, ಇನ್ನೇನು ಹೇಳಲಿ.

13 ವರ್ಷದ ಹುಡುಗನಿಗೆ ಇದು ಭಾರವೇ. ಆದರೆ ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಮೊಬೈಲಿನಲ್ಲಿ ಇದಕ್ಕಿಂತ ಕ್ರೂರವಾದುದನ್ನು ಅರ್ಥವೇ ತಿಳಿಯದೆ ನೋಡುತ್ತಿದ್ದಾರೆ. ಇಲ್ಲಿ ಅರ್ಥ ಹೇಳೋಕೆ ನೀವು ಪಕ್ಕದಲ್ಲಿ ಇರ್ತೀರಿ.

ಎರಡು ಮಕ್ಕಳ ಅಪ್ಪ:
ಟೀಚರ್ ಹೇಳಿದ್ದಕ್ಕೆ ನನ್ನ ವಿರೋಧ ಇದೆ. ನಾನು 11 ವರ್ಷದ ಮಗಳನ್ನು ಚೋಂಗ್ ಎಕ್‌ಗೆ, ಅಂದರೆ ಆ ಜೈಲಿನ ಕೈದಿಗಳನ್ನು ಕೊಂದು ಹೂತ ಜಾಗಕ್ಕೆ, ಕರೆದುಕೊಂಡು ಹೋದೆ. ಅಲ್ಲಿ ಒಂದು ಮರ ಇದೆ. ಹಸುಗೂಸುಗಳನ್ನು ಅದಕ್ಕೆ ಬಡಿದು ಕೊಂದರು ಅಂತ ಫಲಕ ಹಾಕಿದ್ದಾರೆ. ಮರದ ತೊಗಟೆಗೆಲ್ಲ ಜನ ಬಣ್ಣಬಣ್ಣದ ದಾರದ ಬಳೆ ಸಿಕ್ಕಿಸಿದ್ದಾರೆ. ಮಗಳು ಬಳೆ ಚೆನ್ನಾಗಿವೆ ಅಂತ ಹತ್ತಿರ ಓಡಿಹೋಗಿ ಫಲಕ ಓದಿದಳು. ವಾಪಸ್ ಬಂದವಳು ಮಾತೇ ಆಡಲಿಲ್ಲ. ಎರಡು ತಿಂಗಳು ರಾತ್ರಿ ದೀಪ ಆರಿಸೋಕೆ ಬಿಡಲಿಲ್ಲ. ಅದಕ್ಕೆ ನಾನೇ ಹೊಣೆ. ದಯವಿಟ್ಟು ಯೋಚನೆ ಮಾಡಿ.

ತರಗತಿ ಗಂಟೆ:
@ಎರಡು ಮಕ್ಕಳ ಅಪ್ಪ ಓದಿ ಸಂಕಟ ಆಯ್ತು ಸರ್. 11ಕ್ಕೂ 13ಕ್ಕೂ ಅಂತರ ಇದೆ, ಆದರೆ ಮಗುವಿನಿಂದ ಮಗುವಿಗೂ ಅಂತರ ಇದೆ. ಹೋಗುವ ಮೊದಲೇ ಮನೆಯಲ್ಲಿ ಎಲ್ಲಾ ಹೇಳಿ, "ಬರ್ತೀಯಾ?" ಅಂತ ಅವನನ್ನೇ ಕೇಳಬೇಕು. ಬೇಡ ಅಂದರೆ ಒಬ್ಬರು ಅವನ ಜೊತೆ ಹೊರಗಿರಿ. ಮರದ ಹತ್ತಿರಕ್ಕೆ ಹೋಗುವ ಮೊದಲು ಗೊತ್ತಿರಬೇಕಿತ್ತು ಅನ್ನೋದು ನಿಮ್ಮ ಮಾತಿನಿಂದ ನಾನು ಕಲಿತದ್ದು.

ಕೆಂಪು ಬಸ್ಸು:
ಎರಡು ಜಾಗದಲ್ಲಿ ಒಂದನ್ನೇ ನೋಡೋದಾದರೆ ಯಾವುದು?

ಊರೂರು ಅಲೆಮಾರಿ:
ತುವೋಲ್ ಸ್ಲೆಂಗ್. ಊರ ಒಳಗೇ ಇದೆ. ಚೋಂಗ್ ಎಕ್ ಊರಿಂದ ಸುಮಾರು 15 ಕಿಲೋಮೀಟರ್. ಎರಡು ಕಡೆಯೂ ಆಡಿಯೊ ಗೈಡ್ ತಗೊಳ್ಳಿ, ತಪ್ಪಿಸಬೇಡಿ. ಕಿವಿಯಲ್ಲಿ ಒಬ್ಬರು ಮೆಲ್ಲಗೆ ಹೇಳುತ್ತಾ ಹೋಗ್ತಾರೆ. ಅದಕ್ಕೇ ಅಲ್ಲಿ ನೂರಾರು ಜನ ಇದ್ದರೂ ಗಲಾಟೆ ಇರಲ್ಲ. 2025ರ ಜುಲೈನಲ್ಲಿ ಎರಡೂ ಜಾಗ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ನೇರ ಮಾತು:
ಕಮ್ಯುನಿಸಂ ಎಲ್ಲಿ ಹೋದರೂ ಇದೇ ಕಥೆ. ಇದರಲ್ಲಿ ಕಲಿಯೋಕೆ ಅದೊಂದೇ ಇದೆ.

ನಕ್ಷೆ ಪುಸ್ತಕ:
@ನೇರ ಮಾತು ಕೊಂದವರು ಪೋಲ್ ಪಾಟ್ ಮತ್ತು ಅವನ ಕಡೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ. ಅದಕ್ಕೂ ಮೊದಲು ವಿಯೆಟ್ನಾಂ ಯುದ್ಧದ ನೆಪದಲ್ಲಿ ಅಮೆರಿಕ 1973ರ ಆಗಸ್ಟ್‌ವರೆಗೂ ಈ ದೇಶದ ಹಳ್ಳಿಗಳ ಮೇಲೆ ಬಾಂಬ್ ಸುರಿಯಿತು. ಅದು 5 ಲಕ್ಷ ಟನ್‌ಗೂ ಜಾಸ್ತಿ. ಮನೆ ಸುಟ್ಟುಹೋದ ಹುಡುಗರು ಕಾಡಿಗೆ ಹೋಗಿ ಖ್ಮೇರ್ ರೂಜ್ ಸೇರಿದರು. ಖ್ಮೇರ್ ರೂಜ್ ಸರ್ಕಾರದ ಬೆನ್ನಿಗೆ ನಿಂತದ್ದು ಚೀನಾ. ಅದನ್ನು ಓಡಿಸಿದ್ದು ಇನ್ನೊಂದು ಕಮ್ಯುನಿಸ್ಟ್ ದೇಶ, ವಿಯೆಟ್ನಾಂ. ಅದಾದ ಮೇಲೂ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ವರ್ಷಗಟ್ಟಲೆ ಖ್ಮೇರ್ ರೂಜ್ ಕಡೆಯವರ ಕೈಯಲ್ಲೇ ಇತ್ತು, ಅಮೆರಿಕವೂ ಅದಕ್ಕೆ ಒಪ್ಪಿತ್ತು. ಕೊಲೆಗಾರರಿಗೆ ಕುರ್ಚಿ! ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೂ ಒಂದು. ಸಿಯೆಮ್ ರೀಪ್‌ನಿಂದ ಫ್ನೋಮ್ ಪೆನ್‌ಗೆ ಹೋಗುವ ದಾರಿಯಲ್ಲಿ, ಕಂಪೋಂಗ್ ಥೋಮ್ ಹತ್ತಿರ, ಸಾಂಬೋರ್ ಪ್ರೇಯ್ ಕುಕ್ ಇದೆ. 7ನೇ ಶತಮಾನದ ಈಶಾನಪುರ. ಅಂಕೋರ್ ವಾಟ್‌ಗಿಂತ ಸುಮಾರು 500 ವರ್ಷ ಹಳೆಯ ಇಟ್ಟಿಗೆ ಗುಡಿಗಳು. ಆ ಗುಡಿಗಳ ನಡುವೆಯೇ ಬಾಂಬ್ ಬಿದ್ದ ಗುಂಡಿಗಳಿವೆ. ಮಳೆಗಾಲದಲ್ಲಿ ಕೆರೆಯಂತೆ ನೀರು ನಿಲ್ಲುತ್ತೆ. ಗುಡಿ ಬೇರೆ ಯುದ್ಧ ಬೇರೆ ಅಂತ ಹೇಳುವವರು ಅಲ್ಲಿ ಹೋಗಿ ನಿಲ್ಲಬೇಕು.

ನೇರ ಮಾತು:
ವಿಶ್ವಸಂಸ್ಥೆಯ ವಿಷಯ ಗೊತ್ತಿರಲಿಲ್ಲ. ಓದ್ತೀನಿ. ಆದರೆ ನನ್ನ ಮೊದಲ ಮಾತು ಬಿಡಲ್ಲ.

ಹೊನ್ನ ಹೊಲ:
ನೆಲಬಾಂಬ್ ಭಯ ಇಲ್ವಾ?

ಊರೂರು ಅಲೆಮಾರಿ:
ಜನ ಓಡಾಡುವ ಗುಡಿಗಳ ಸುತ್ತ ಇಲ್ಲ, ಎಲ್ಲ ತೆಗೆದಿದ್ದಾರೆ. ದೂರದ ಗುಡಿಗಳಲ್ಲಿ ತುಳಿದ ದಾರಿ ಬಿಟ್ಟು ಪೊದೆಗೆ ಮಾತ್ರ ಇಳಿಯಬೇಡಿ. 1979ರಿಂದ ಈಚೆಗೆ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದಿಗೆ ಸುಮಾರು 20 ಸಾವಿರ ಜನ ಸತ್ತಿದ್ದಾರೆ. 2025ರ ಫೆಬ್ರುವರಿಯಲ್ಲೂ ಸಿಯೆಮ್ ರೀಪ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಎರಡೆರಡು ವರ್ಷದ ಎರಡು ಮಕ್ಕಳು ಹಳೇ ಗ್ರೆನೇಡ್ ಸಿಡಿದು ಹೋದವು. ಅವರು ಹುಟ್ಟುವ ಎಷ್ಟೋ ವರ್ಷ ಮೊದಲೇ ಮುಗಿದ ಯುದ್ಧ.

ಮಗನಿಗೆ ಒಂದು ಜಾಗ ಹೇಳ್ತೀನಿ. ಸಿಯೆಮ್ ರೀಪ್‌ನಲ್ಲಿ ನೆಲಬಾಂಬ್ ಪತ್ತೆ ಮಾಡುವ ಇಲಿಗಳನ್ನು ತೋರಿಸುವ ಕೇಂದ್ರ ಇದೆ. ಆಫ್ರಿಕಾದ ದೊಡ್ಡ ಇಲಿಗಳು. ಮೈ ಹಗುರ, ಬಾಂಬ್ ಮೇಲೆ ನಡೆದರೂ ಸಿಡಿಯಲ್ಲ. ಮದ್ದಿನ ವಾಸನೆ ಹಿಡಿದು ನೆಲ ಕೆರೀತವೆ, ಬಾಳೆಹಣ್ಣು ಇನಾಮು. ಮಗಾವಾ ಅನ್ನುವ ಇಲಿಗೆ 2020ರಲ್ಲಿ ಬ್ರಿಟನ್ನಿನ ಸಂಸ್ಥೆಯೊಂದು ಶೌರ್ಯದ ಚಿನ್ನದ ಪದಕ ಕೊಟ್ಟಿತು.

ಗಣಪತಿ ವಾಹನ:
ಇಲಿಗೆ ಚಿನ್ನದ ಪದಕ! ಇವತ್ತು ಓದಿದ್ದರಲ್ಲಿ ಇದೇ ಖುಷಿಯ ಸುದ್ದಿ.

ಹಳಗನ್ನಡ ಪ್ರೇಮಿ:
ಫ್ನೋಮ್ ಪೆನ್‌ಗೆ ಹೋಗೋಕೆ ಇನ್ನೊಂದು ಕಾರಣ ಕೊಡ್ತೀನಿ. ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂ. ನಮ್ಮ ರನ್ನ 10ನೇ ಶತಮಾನದ ಕೊನೆಗೆ ಭೀಮ ದುರ್ಯೋಧನರ ಗದಾಯುದ್ಧ ಬರೆದ. ಅದಕ್ಕೂ ಸುಮಾರು 40-50 ವರ್ಷ ಮೊದಲು, ಕೋಹ್ ಕೇರ್ ಅನ್ನುವ ಖ್ಮೇರ್ ರಾಜಧಾನಿಯಲ್ಲಿ ಅದೇ ಗದಾಯುದ್ಧವನ್ನು ಕಲ್ಲಿನಲ್ಲಿ ನಿಲ್ಲಿಸಿದರು. ಆಳೆತ್ತರದ ದುರ್ಯೋಧನ ನೆಗೆಯಲು ಸಿದ್ಧನಾಗಿ ನಿಂತಿದ್ದಾನೆ, ಎದುರಿಗೆ ಭೀಮ, ಸುತ್ತ ಕೂತು ನೋಡುತ್ತಿರುವ ಪಾಂಡವರು, ಬಲರಾಮ.

ಯುದ್ಧದ ಕಾಲದಲ್ಲಿ ಕಳ್ಳರು ಈ ಮೂರ್ತಿಗಳನ್ನು ಕಣಕಾಲ ಹತ್ತಿರ ಮುರಿದು ಹೊತ್ತೊಯ್ದರು. ಪಾದ ಮಾತ್ರ ಪೀಠದ ಮೇಲೆ ಉಳಿಯಿತು. ದುರ್ಯೋಧನ 2011ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದ. ಭೀಮ ಕ್ಯಾಲಿಫೋರ್ನಿಯಾದ ಮ್ಯೂಸಿಯಂನಲ್ಲಿ ನಿಂತಿದ್ದ. ಕಾಡಿನಲ್ಲಿ ಉಳಿದ ಪಾದಗಳೇ ಸಾಕ್ಷಿ ಹೇಳಿದವು. 2014ರಲ್ಲಿ ಇಬ್ಬರೂ ವಾಪಸ್ ಬಂದರು. ತೊಡೆ ಮುರಿಸಿಕೊಂಡವನು ಅಂತ ನಾವು ಓದಿದ ದುರ್ಯೋಧನನ ಕಾಲನ್ನು ಕಳ್ಳರು ನಿಜವಾಗಿಯೂ ಮುರಿದಿದ್ದರು. ಆ ಮೂರ್ತಿಯ ಮುಂದೆ ನಾನು ಒಂದು ಗಂಟೆ ಕೂತಿದ್ದೆ.

ಬಳಪದ ಕಲ್ಲು:
ಕೋಹ್ ಕೇರ್ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದ್ದೂ ಅದೇ ಸಭೆಯಲ್ಲಿ. ಹಾಸನದಲ್ಲಿ ಪಟಾಕಿ ಹೊಡೆದ ದಿನ ಅಲ್ಲೂ ಸಂಭ್ರಮ ಇದ್ದಿರಬೇಕು.

ಅಂಕಿ ಸಂಖ್ಯೆ:
ಅದೇ ಮ್ಯೂಸಿಯಂನಲ್ಲಿ ಒಂದು ಶಾಸನದ ಕಲ್ಲು ಇದೆ. ಶಕ ವರ್ಷ 605 ಅಂತ ಕೆತ್ತಿದೆ, ಅಂದರೆ ಕ್ರಿಸ್ತಶಕ 683. ನಡುವಿನ ಸೊನ್ನೆ ಒಂದು ಚುಕ್ಕಿ. ಕಾಲ ಖಚಿತವಾಗಿ ಗೊತ್ತಿರುವ ಸೊನ್ನೆಗಳಲ್ಲಿ ತುಂಬಾ ಹಳೆಯದು. ಮಗನಿಗೆ ತೋರಿಸಿ.

ರಿಯೆಲ್ ನೋಟಿನ ಅಂಕಿಗಳನ್ನೂ ನೋಡಿ. ಖ್ಮೇರ್ ಒಂದು, ಎರಡು, ಮೂರು ನಮ್ಮ ೧, ೨, ೩ರ ಹಾಗೇ ಕಾಣುತ್ತವೆ. ಅವರ ಲಿಪಿ ಪಲ್ಲವರ ಕಡೆಯಿಂದ ಹೋದದ್ದು, ನಮ್ಮದರ ದಾಯಾದಿ.

ಮೂರು ಹೊತ್ತು:
ಮಾತೂ ಹಾಗೇ. ಯಾರಾದರೂ ಸಿಕ್ಕರೆ "ಞಾಂ ಬಾಯ್ ಹೌಯ್ ನೌ?" ಅಂತಾರೆ. ಅನ್ನ ತಿಂದ್ರಾ ಇನ್ನೂ ಇಲ್ವಾ ಅಂತ. ನಮ್ಮ "ಊಟ ಆಯ್ತಾ?" ಅದೇ ಅಲ್ವಾ!

ಮೆಕಾಂಗ್ ದಂಡೆ:
ಈ ಚರ್ಚೆ ಎರಡು ದಿನದಿಂದ ಓದ್ತಾ ಇದ್ದೆ. ನಾನು ಗಾರ್ಮೆಂಟ್ ಫ್ಯಾಕ್ಟರಿ ಕೆಲಸಕ್ಕೆ ಫ್ನೋಮ್ ಪೆನ್‌ನಲ್ಲಿ ಆರು ವರ್ಷ ಇದ್ದೆ. ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ.

ಅವರಿಗೂ ಪಿತೃಪಕ್ಷ ಇದೆ. ಹೆಸರು "ಪ್ಚುಂ ಬೆನ್". ಬೆನ್ ಅಂದರೆ ಪಿಂಡ, ನಮ್ಮದೇ ಮಾತು. ಭಾದ್ರಪದದ ಕೃಷ್ಣಪಕ್ಷ, 15 ದಿನ, ಅಮಾವಾಸ್ಯೆಗೆ ಮುಗಿಯುತ್ತೆ. ನಮ್ಮ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ. ಆ ದಿನಗಳಲ್ಲಿ ಹಸಿದ ಪಿತೃಗಳು ತಮ್ಮವರನ್ನು ಹುಡುಕಿಕೊಂಡು ವಟ್‌ಗಳಿಗೆ, ಅಂದರೆ ಬೌದ್ಧ ಗುಡಿಗಳಿಗೆ, ಬರ್ತಾರಂತೆ. ಏಳು ವಟ್ ಹುಡುಕಿ ಎಲ್ಲೂ ತಮ್ಮವರು ಕಾಣದಿದ್ದರೆ ಶಾಪ ಹಾಕ್ತಾರೆ ಅನ್ನೋ ನಂಬಿಕೆ. ಹಾಗಾಗಿ ಜನ ಏಳು ವಟ್‌ಗೆ ಹೋಗ್ತಾರೆ.

ನಮ್ಮ ಮನೆ ಓನರ್ ಅಜ್ಜಿ ಒಂದು ವರ್ಷ ನನ್ನನ್ನೂ ಕರೆದರು. ಬೆಳಗಿನ ಜಾವ ನಾಲ್ಕಕ್ಕೆ. ಕರೆಂಟು ದೀಪ ಆರಿಸಿ, ಮೇಣದಬತ್ತಿ ಹಿಡಿದು, ಗುಡಿ ಸುತ್ತ ಕತ್ತಲಲ್ಲಿ ನಡೆಯೋದು. ಕೈಯಲ್ಲಿ ಅಂಟಕ್ಕಿ ಅನ್ನದ ಉಂಡೆ, ಎಳ್ಳು ಕಲಸಿದ್ದು. ಒಂದೊಂದೇ ಉಂಡೆ ಕತ್ತಲಿಗೆ ಎಸೀತಾ, ಹೆಸರು ಹೇಳ್ತಾ ಹೋಗ್ತಾರೆ. ಅಜ್ಜಿಯ ಅಪ್ಪ ಮತ್ತು ಇಬ್ಬರು ಅಣ್ಣಂದಿರನ್ನು 1977ರಲ್ಲಿ ಹೊಲದಿಂದ ಕರೆದುಕೊಂಡು ಹೋದರಂತೆ. ಎಲ್ಲಿ ಸತ್ತರು, ಎಲ್ಲಿ ಹೂತರು, ಗೊತ್ತಿಲ್ಲ. "ಎಲ್ಲಿದ್ದಾರೋ ಗೊತ್ತಿಲ್ಲ, ಅದಕ್ಕೇ ಏಳಕ್ಕೆ ನಿಲ್ಲಿಸಲ್ಲ, ಕಾಲು ನಡೆಯುವಷ್ಟು ವಟ್‌ಗೆ ಹೋಗ್ತೀನಿ" ಅಂದರು. ಮೂರು ಹೆಸರು ಮುಗಿದ ಮೇಲೂ ಕೈಯಲ್ಲಿ ಉಂಡೆ ಉಳಿದಿತ್ತು. ಅದನ್ನೂ ಎಸೆದರು. ಯಾರಿಗೆ ಅಂದೆ. ಹೆಸರು ಹೇಳೋಕೆ ಯಾರೂ ಉಳಿಯದವರಿಗೆ ಅಂದರು.

@ತುಂಗಾತೀರ ಅಕ್ಕ, ನಿಮ್ಮ ಮನೆಯವರಿಗೆ ಹೇಳಿ, ಚೋಂಗ್ ಎಕ್‌ನ ಸ್ತೂಪದಲ್ಲಿರುವುದು ಸುಮ್ನೆ ತಲೆಬುರುಡೆಯಲ್ಲ. ಒಂದೊಂದೂ ಇಂಥ ಅಜ್ಜಿಯ ಅಪ್ಪಂದಿರು, ಅಣ್ಣಂದಿರು. ಅಲ್ಲಿ ಸುಮಾರು 9 ಸಾವಿರ ಜನರ ದೇಹ ಹೊರತೆಗೆದಿದ್ದಾರೆ. ಮಳೆ ಬಂದಾಗ ಈಗಲೂ ನೆಲದಿಂದ ಬಟ್ಟೆಯ ಚೂರು, ಹಲ್ಲು ಮೇಲೆ ಬರುತ್ತವೆ. ಕಾಲುದಾರಿ ನೋಡಿಕೊಂಡು ನಡೆಯಬೇಕು.

ಎರಡು ಮಕ್ಕಳ ಅಪ್ಪ:
ಇದನ್ನು ಮೊದಲೇ ಓದಿದ್ದರೆ ಮಗಳಿಗೆ ಹೀಗೆ ಹೇಳಿ ಕರೆದುಕೊಂಡು ಹೋಗ್ತಿದ್ದೆ. ಅವಳಿಗೆ ಈಗ 15. ಇವತ್ತು ಸಂಜೆ ಓದಿ ಹೇಳ್ತೀನಿ.

ಬ್ಯಾಗ್ ರೆಡಿ:
ನಾನು ಮೊದಲು ಹಾಕಿದ ಉತ್ತರ ವಾಪಸ್ ತಗೋತೀನಿ. ಫ್ನೋಮ್ ಪೆನ್‌ಗೆ ಹೋಗಿ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟದ ಮೇಲೆ ಪೂರ್ತಿ ಮನೆಯಲ್ಲಿ ಜೋರಾಗಿ ಓದಿದೆ. ಪ್ಲ್ಯಾನ್ ಹೀಗಿದೆ: ಸಿಯೆಮ್ ರೀಪ್ ನಾಲ್ಕು ದಿನ. ಐದನೇ ದಿನ ಕಾರು ಮಾಡಿಕೊಂಡು ಸಾಂಬೋರ್ ಪ್ರೇಯ್ ಕುಕ್ ನೋಡಿ ಫ್ನೋಮ್ ಪೆನ್. ಮ್ಯೂಸಿಯಂಗೆ ಒಂದು ದಿನ. ಮಗನಿಗೆ ಎಲ್ಲ ಹೇಳಿ ಕೇಳಿದೆವು. ತುವೋಲ್ ಸ್ಲೆಂಗ್‌ಗೆ ಬರ್ತೀನಿ ಅಂದ, ಮರ ಇರುವ ಜಾಗಕ್ಕೆ ಬೇಡ ಅಂದ. ಆ ದಿನ ಅವನ ಜೊತೆ ಅವರಪ್ಪ ನದಿ ದಂಡೆಯಲ್ಲಿ ಇರ್ತಾರೆ.

ಅತ್ತೆ ಇಷ್ಟು ಹೊತ್ತೂ ಸುಮ್ನೆ ಕೇಳುತ್ತಾ ಇದ್ದರು. ಕೊನೆಗೆ "ಆ ತಲೆಬುರುಡೆ ಇಟ್ಟಿರುವ ಸ್ತೂಪದ ಮುಂದೆ ನಾವು ಎಳ್ಳು ನೀರು ಬಿಡಬಹುದಾ ಕೇಳು" ಅಂದರು. @ಮೆಕಾಂಗ್ ದಂಡೆ, ಬಿಡ್ತಾರಾ?

ಊರೂರು ಅಲೆಮಾರಿ:
ಅಂಕೋರ್ ವಾಟ್‌ನಲ್ಲೂ ಅತ್ತೆಯವರಿಗೆ ಒಂದು ಜಾಗ ಇದೆ. ಪಶ್ಚಿಮದ ಹೆಬ್ಬಾಗಿಲಲ್ಲಿ ಎಂಟು ಕೈಯ ವಿಷ್ಣು ನಿಂತಿದ್ದಾನೆ, "ತಾ ರೀಚ್" ಅಂತಾರೆ. ಮೈಗೆ ಹಳದಿ ವಸ್ತ್ರ ಸುತ್ತಿರುತ್ತಾರೆ. ಊರ ಜನ ಈಗಲೂ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಗಡಿಬಿಡಿಯಲ್ಲಿ ಪ್ರವಾಸಿಗಳು ದಾಟಿ ಹೋಗಿಬಿಡ್ತಾರೆ, ನೀವು ನಿಲ್ಲಿ.

ಮೆಕಾಂಗ್ ದಂಡೆ:
@ತುಂಗಾತೀರ ಸ್ತೂಪದ ಮುಂದೆಯೇ ಹೂವು, ಊದುಬತ್ತಿ ಸಿಗುತ್ತೆ ಅಕ್ಕ. ಚಪ್ಪಲಿ ಬಿಟ್ಟು ಹತ್ತಬೇಕು. ನೀರು ಬಿಡುವ ಮೊದಲು ಅಲ್ಲಿರುವವರಿಗೆ ಒಂದು ಮಾತು ಹೇಳಿ, "ಬೆನ್" ಅಂದರೆ ಸಾಕು, ಅರ್ಥ ಆಗುತ್ತೆ. ಎಳ್ಳು ಊರಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲಿನ ಸಂತೆಯಲ್ಲಿ ಸಿಗುತ್ತೆ, ಖ್ಮೇರ್‌ನಲ್ಲಿ "ಲ್ಙೊ" ಅಂತಾರೆ. ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಮೇಲೆ ಆ ಬಯಲಲ್ಲಿ ಬಿಸಿಲು ಜಾಸ್ತಿ, ಅತ್ತೆಯವರಿಗೆ ಕಷ್ಟ.